ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಹಳ್ಳಿ, ಸಂತೆಯೂರು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಇಂಗ್ಲಿಷ್ ಕಾದಂಬರಿ ಓದಿದವರು, ಟಿವಿಯಲ್ಲಿ ಆ ಕಾಲದ ಧಾರಾವಾಹಿ ನೋಡಿದವರು, ಅಲ್ಲಿಗೆ ಪ್ರವಾಸ ಹೋಗಿ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ಎರಡೇ ಸಾಲು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಕಾಲದ ಯಾವ ಹಳ್ಳಿಯ ಬಗ್ಗೆ ಓದಿದರೂ "ಇಲ್ಲಿ ಜಮೀನು ಯಾರದ್ದು?" ಅಂತ ಕೇಳಿಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ವಿಕ್ಟೋರಿಯಾ ಕಾಲ ಅಂದರೆ ಸರಿಯಾಗಿ ಯಾವಾಗಿಂದ ಯಾವಾಗಿನವರೆಗೆ?

ರಾಣಿ ಪಟ್ಟಕ್ಕೆ ಬಂದದ್ದು 1837ರ ಜೂನ್‌ನಲ್ಲಿ, ತೀರಿಕೊಂಡದ್ದು 1901ರ ಜನವರಿಯಲ್ಲಿ. ಅರವತ್ಮೂರುವರೆ ವರ್ಷ. ಅಂದರೆ ಒಂದೇ ಕಾಲ ಅಂತ ಹೇಳುವುದೇ ಕಷ್ಟ. 1840ರ ಕೂಲಿಯಾಳಿಗೂ ಅವನ ಮೊಮ್ಮಗನಿಗೂ ಬದುಕು ಬಹಳ ಬೇರೆ ಇತ್ತು. ಅಜ್ಜ ಹೆಬ್ಬೆಟ್ಟು, ಮೊಮ್ಮಗ ಪೇಪರ್ ಓದುವವನು.

ಆಗ ಹಳ್ಳಿಯಲ್ಲಿ ಯಾರ ಮಾತು ನಡೆಯುತ್ತಿತ್ತು?

ಮೂರು ಜನರ ಗುಂಪು ಅಂದುಕೊಳ್ಳಿ. ಮೇಲೆ ಸ್ಕ್ವೈರ್, ಅಂದರೆ ಊರಿನ ಜಮೀನುದಾರ ಧಣಿ. ಪಕ್ಕದಲ್ಲಿ ಚರ್ಚಿನ ಪಾದ್ರಿ. ಅವರ ಕೆಳಗೆ ಧಣಿಯ ಜಮೀನನ್ನು ಗೇಣಿಗೆ ಹಿಡಿದ ದೊಡ್ಡ ರೈತರು. ಉಳಿದವರು ಕೂಲಿಯವರು, ಕಮ್ಮಾರ, ಬಡಗಿ, ಅಂಗಡಿಯವನು. ಕೂಲಿಯವರಿಗೆ ಸ್ವಂತ ನೆಲ ಇರಲಿಲ್ಲ. ನಮ್ಮಲ್ಲಿ ಎರಡು ಎಕರೆ, ಮೂರು ಎಕರೆ ಇಟ್ಟುಕೊಂಡ ಸಣ್ಣ ರೈತರಿಂದ ಹಳ್ಳಿ ತುಂಬಿರುತ್ತದೆ ಅಲ್ವಾ, ಆ ವರ್ಗ ಇಂಗ್ಲೆಂಡಿನಲ್ಲಿ ಆಗಲೇ ಬಹುಪಾಲು ಕರಗಿಹೋಗಿತ್ತು. ಊರಿನ ಗೋಮಾಳಕ್ಕೆ, ಎಲ್ಲರೂ ಪಾಲು ಹಂಚಿಕೊಂಡಿದ್ದ ಬಯಲು ಹೊಲಗಳಿಗೆ ಬೇಲಿ ಬಿದ್ದು ದೊಡ್ಡವರ ಪಾಲಾಗಿದ್ದವು. ಹಳೇ ಪದ್ಧತಿಯ ಬಯಲು ಹೊಲಗಳು ಇವತ್ತಿಗೂ ಉಳಿದಿರುವ ಅಪರೂಪದ ಊರು ನಾಟಿಂಗ್‌ಹ್ಯಾಮ್‌ಶೈರ್‌ನ ಲಾಕ್ಸ್‌ಟನ್.

ಕೆಲವು ಹಳ್ಳಿಗಳು ಚಿತ್ರದ ಹಾಗೆ ಚೆಂದ, ಪಕ್ಕದವು ಕಿಷ್ಕಿಂಧೆ. ಯಾಕೆ ಹೀಗೆ?

ಇದು ನನಗೆ ಇಷ್ಟದ ಪ್ರಶ್ನೆ. ಇಂಗ್ಲಿಷರು ಹಳ್ಳಿಗಳನ್ನು ಎರಡು ಬಗೆ ಮಾಡಿ ಹೇಳುತ್ತಿದ್ದರು: 'ಮುಚ್ಚಿದ' ಹಳ್ಳಿ, 'ತೆರೆದ' ಹಳ್ಳಿ. ಒಬ್ಬನೇ ಧಣಿಯ ಕೈಲಿದ್ದದ್ದು ಮುಚ್ಚಿದ್ದು. ಸಣ್ಣಪುಟ್ಟ ಹಲವರ ಕೈಲಿದ್ದದ್ದು ತೆರೆದದ್ದು.

ಇದರ ಹಿಂದೆ ದುಡ್ಡಿನ ಲೆಕ್ಕ ಇತ್ತು. ಬಡವರನ್ನು ನೋಡಿಕೊಳ್ಳುವ ಖರ್ಚು ಆಯಾ ಪ್ಯಾರಿಷ್‌ನ ಮೇಲೆ ಬೀಳುತ್ತಿತ್ತು. ಪ್ಯಾರಿಷ್ ಅಂದರೆ ಒಂದು ಚರ್ಚಿನ ಸರಹದ್ದು, ನಮ್ಮ ಗ್ರಾಮದ ಎಲ್ಲೆಯಂತೆ. ಊರಲ್ಲಿ ಬಡವರು ಕಡಿಮೆ ಇದ್ದರೆ ಧಣಿಗೆ ತೆರಿಗೆಯೂ ಕಡಿಮೆ. ಹಾಗಾಗಿ ಧಣಿ ಕೂಲಿಯವರಿಗೆ ಮನೆಯನ್ನೇ ಕಟ್ಟಿಸುತ್ತಿರಲಿಲ್ಲ. ಇದ್ದ ನಾಲ್ಕು ಮನೆಯನ್ನು ಮಾತ್ರ ಅಂದವಾಗಿ ಇಡುತ್ತಿದ್ದ. ಕೆಲಸಕ್ಕೆ ಬೇಕಾದ ಆಳುಗಳು ಪಕ್ಕದ ತೆರೆದ ಹಳ್ಳಿಯ ಇಕ್ಕಟ್ಟು ಮನೆಗಳಿಂದ ದಿನಾ ಮೈಲಿಗಟ್ಟಲೆ ನಡೆದು ಬರಬೇಕು. ಬೆಳಗಿನ ಮಂಜಲ್ಲಿ ಹೋಗಿ, ಹನ್ನೆರಡು ತಾಸು ದುಡಿದು, ಕತ್ತಲಲ್ಲಿ ಒದ್ದೆ ಬೂಟಲ್ಲೇ ವಾಪಸ್. 1865ರಲ್ಲಿ ಕಾನೂನು ಬದಲಾಗಿ, ಆ ಖರ್ಚು ಹಲವು ಪ್ಯಾರಿಷ್‌ಗಳು ಸೇರಿದ ಯೂನಿಯನ್ ಮೇಲೆ ಬಿತ್ತು. ಈ ಆಟಕ್ಕೆ ಅರ್ಥ ಹೋದದ್ದು ಆಮೇಲೆ. ಆದರೆ ಮನೆಗಳೇನು ಮರುದಿನವೇ ಎದ್ದು ನಿಲ್ಲಲಿಲ್ಲ.

ಡರ್ಬಿಶೈರ್‌ನ ಎಡೆನ್ಸರ್ ನೋಡಿ. ಚಾಟ್ಸ್‌ವರ್ತ್ ಅರಮನೆಯ ಪಕ್ಕದ ಹಳ್ಳಿ. ಡೆವನ್‌ಶೈರ್‌ನ 6ನೇ ಡ್ಯೂಕ್ 1838ರಿಂದ 1842ರ ನಡುವೆ ಇಡೀ ಊರನ್ನೇ ಹೊಸದಾಗಿ ಕಟ್ಟಿಸಿದ. ಉಸ್ತುವಾರಿ ಅವನ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್‌ದು. 1851ರ ಲಂಡನ್ ಮಹಾಪ್ರದರ್ಶನಕ್ಕೆ ಗಾಜಿನ ಅರಮನೆ ಎಬ್ಬಿಸಿದವನು ಇವನೇ. ಎಡೆನ್ಸರ್‌ನಲ್ಲಿ ಮನೆಗಳು ಒಂದರಂತೆ ಒಂದಿಲ್ಲ: ಒಂದು ಇಟಲಿಯ ಬಂಗಲೆಯಂತೆ, ಇನ್ನೊಂದು ಸ್ವಿಸ್ ಗುಡಿಸಲಿನಂತೆ, ಮತ್ತೊಂದು ಕೋಟೆಯ ತುಂಡಿನಂತೆ. ಡ್ಯೂಕ್ ಮನೆಗಳ ಕ್ಯಾಟಲಾಗ್ ನೋಡಿ ಎಲ್ಲ ಒಂದೊಂದು ಇರಲಿ ಅಂದನೇನೋ ಅನ್ನಿಸುತ್ತದೆ! ಮನೆಗಳು ಗಟ್ಟಿ, ಬೆಚ್ಚಗೆ, ನಿಜ. ಆದರೆ ಅಲ್ಲಿ ಇದ್ದವರೆಲ್ಲ ಡ್ಯೂಕ್‌ನ ಬಾಡಿಗೆದಾರರು.

ರೈಲು ಬಂದಿದ್ದರಿಂದ ಹಳ್ಳಿಗೆ ಏನಾಯಿತು?

ಕೆಲವು ಊರು ಉಬ್ಬಿದವು, ಕೆಲವು ಬಾಡಿದವು. ಸ್ವಿಂಡನ್ ಗುಡ್ಡದ ಮೇಲಿನ ಒಂದು ಪುಟ್ಟ ಸಂತೆಯೂರು. ಗ್ರೇಟ್ ವೆಸ್ಟರ್ನ್ ರೈಲ್ವೆ 1843ರಲ್ಲಿ ಅದರ ಬುಡದಲ್ಲಿ ಇಂಜಿನ್ ಕಾರ್ಖಾನೆ ತೆರೆಯಿತು. ಕಂಪನಿಯೇ ಸಾಲುಮನೆ ಕಟ್ಟಿಸಿತು, ಚರ್ಚು ಕಟ್ಟಿಸಿತು, ಶಾಲೆ ತೆರೆಯಿತು. 1847ರಲ್ಲಿ ಕೆಲಸಗಾರರ ವಂತಿಗೆಯಿಂದ ಔಷಧೋಪಚಾರದ ನಿಧಿ ಶುರುವಾಯಿತು. ಧಣಿ ಇದ್ದ ಜಾಗಕ್ಕೆ ಕಂಪನಿ ಬಂತು, ಅಷ್ಟೇ. ಬೆಳಿಗ್ಗೆ ಕಾರ್ಖಾನೆಯ ಸೈರನ್ನು ಊರನ್ನೇ ಎಬ್ಬಿಸುತ್ತಿತ್ತು. ಮೇಲಿನ ಹಳೇ ಪೇಟೆ, ಕೆಳಗಿನ ಹೊಸ ಪೇಟೆ ಬಹಳ ಕಾಲ ಎರಡು ಬೇರೆ ಊರುಗಳ ಹಾಗೇ ಇದ್ದವು.

ನಿಲ್ದಾಣ ಮಾತ್ರ ಸಿಕ್ಕ ಹಳ್ಳಿಗಳಲ್ಲಿ ಬದಲಾವಣೆ ಸದ್ದಿಲ್ಲದೆ ಬಂತು. ಮೊದಲು ದನಕುರಿಗಳನ್ನು ವಾರಗಟ್ಟಲೆ ನಡೆಸಿಕೊಂಡು ದೊಡ್ಡ ಸಂತೆಗೆ ಹೋಗಬೇಕಿತ್ತು. ದಾರಿಯಲ್ಲೇ ಅವು ಸೊರಗುತ್ತಿದ್ದವು. ರೈಲಲ್ಲಿ ಒಂದೇ ದಿನ. ಹಾಲಿನ ಕಥೆ ಇನ್ನೂ ಚೆನ್ನಾಗಿದೆ. 1865-66ರಲ್ಲಿ ದನದ ಬೇನೆ ಬಂದು ಲಂಡನ್ನಿನ ಕೊಟ್ಟಿಗೆಗಳೇ ಖಾಲಿಯಾದವು. ಪಟ್ಟಣಕ್ಕೆ ಹಾಲು ಹಳ್ಳಿಗಳಿಂದ ರೈಲಲ್ಲಿ ಬರತೊಡಗಿತು. ಬೆಳಗಾದರೆ ರೈತರು ಗಾಡಿಯಲ್ಲಿ ದೊಡ್ಡ ದೊಡ್ಡ ಕ್ಯಾನು ಹೇರಿಕೊಂಡು ಸ್ಟೇಷನ್ನಿಗೆ. ನಮ್ಮ ಡೈರಿ ಮುಂದಿನ ಸಾಲು ಕಣ್ಣಿಗೆ ಬಂತಾ? ಆದರೆ ಹಾಲೆಲ್ಲ ರೈಲು ಹತ್ತಿದ ಮೇಲೆ ಹಸುಗಳ ನಡುವೆಯೇ ಬದುಕುವ ಕೂಲಿಯವರ ಮಕ್ಕಳಿಗೆ ಒಂದು ಲೋಟ ಹಾಲು ಸಿಗುತ್ತಿಲ್ಲ ಎಂಬ ದೂರೂ ಆಗಲೇ ಎದ್ದಿತ್ತು.

ಒಂದೊಂದು ಊರಿಗೂ ಒಂದೊಂದು ಟೈಮ್ ಇತ್ತಂತೆ, ನಿಜವಾ?

ನಿಜ. ಸೂರ್ಯ ನೆತ್ತಿಗೆ ಬಂದಾಗ ಆ ಊರಿಗೆ ಹನ್ನೆರಡು ಗಂಟೆ. ಬ್ರಿಸ್ಟಲ್ ಲಂಡನ್ನಿಗಿಂತ ಸುಮಾರು ಹತ್ತು ನಿಮಿಷ ಹಿಂದೆ. ರೈಲು ಮಾತ್ರ ಲಂಡನ್ ಸಮಯಕ್ಕೆ ಓಡುತ್ತಿತ್ತು. ಬ್ರಿಸ್ಟಲ್‌ನ ಕಾರ್ನ್ ಎಕ್ಸ್‌ಚೇಂಜ್ ಕಟ್ಟಡದ ಗಡಿಯಾರಕ್ಕೆ ಇವತ್ತಿಗೂ ಎರಡು ನಿಮಿಷದ ಮುಳ್ಳು: ಒಂದು ಊರಿನದು, ಒಂದು ಲಂಡನ್ನಿನದು. ಇಡೀ ದೇಶಕ್ಕೆ ಒಂದೇ ಸಮಯ ಅಂತ ಕಾನೂನಾದದ್ದು 1880ರಲ್ಲಿ. ಅಷ್ಟರಲ್ಲಿ ಹೆಚ್ಚಿನ ಊರು ರೈಲಿಗೆ ಸೋತು ಮುಳ್ಳು ತಿರುಗಿಸಿಕೊಂಡಿದ್ದವು.

ಒಲಿಂಪಿಕ್ಸ್ ಶುರುವಾದದ್ದು ಒಂದು ಇಂಗ್ಲಿಷ್ ಹಳ್ಳಿಯಲ್ಲಿ ಅನ್ನುತ್ತಾರಲ್ಲ?

ಸ್ವಲ್ಪ ಉತ್ಪ್ರೇಕ್ಷೆ. ಆದರೆ ಸುಮ್ನೆ ಹುಟ್ಟಿದ ಮಾತಲ್ಲ.

ಶ್ರಾಪ್‌ಶೈರ್‌ನಲ್ಲಿ ಮಚ್ ವೆನ್‌ಲಾಕ್ ಎಂಬ ಸಂತೆಯೂರಿದೆ. ಅಲ್ಲಿನ ಡಾಕ್ಟರ್ ವಿಲಿಯಂ ಪೆನ್ನಿ ಬ್ರೂಕ್ಸ್. ಅದೇ ಊರಲ್ಲಿ 1809ರಲ್ಲಿ ಹುಟ್ಟಿದವರು. ಕಾಯಿಲೆ ನೋಡುತ್ತಾ ನೋಡುತ್ತಾ, ಕೆಲಸಗಾರರಿಗೆ ಮದ್ದಿಗಿಂತ ಓದು, ವ್ಯಾಯಾಮ ಜಾಸ್ತಿ ಬೇಕು ಅನ್ನಿಸಿತು ಅವರಿಗೆ. 1841ರಲ್ಲಿ ರೈತರಿಗೆ, ಕೂಲಿಯವರಿಗೆ ಅಂತ ಒಂದು ಓದುವ ಸಂಘ ಕಟ್ಟಿದರು. ಪುಸ್ತಕ ಎರವಲು ಕೊಡುವ ಲೈಬ್ರರಿ ಅದು. 1850ರಲ್ಲಿ ಅದೇ ಸಂಘದ ಒಂದು ವಿಭಾಗವಾಗಿ 'ಒಲಿಂಪಿಯನ್ ಕ್ಲಾಸ್' ಶುರು ಮಾಡಿದರು, ಆ ವರ್ಷವೇ ಮೊದಲ ಕ್ರೀಡಾಕೂಟ ನಡೆಯಿತು.

ಹೆಸರು ಗ್ರೀಸಿನದು, ಆಟ ಮಾತ್ರ ಪಕ್ಕಾ ಹಳ್ಳಿಯದು. ಓಟ, ಜಿಗಿತ, ಫುಟ್‌ಬಾಲ್, ಕ್ರಿಕೆಟ್ ಇದ್ದವು. ಕಣ್ಣಿಗೆ ಬಟ್ಟೆ ಕಟ್ಟಿ ತಳ್ಳುಗಾಡಿ ಓಡಿಸುವ ಪಂದ್ಯ ಇತ್ತು. ಒಮ್ಮೆ ಅಜ್ಜಿಯರ ಓಟಕ್ಕೆ ಒಂದು ಪೌಂಡ್ ಚಹಾಪುಡಿ ಬಹುಮಾನ ಇಟ್ಟಿದ್ದರು. ನಗು ಬರುತ್ತದೆ, ಆದರೆ ಆ ಕಾಲಕ್ಕೆ ಒಂದು ಪೌಂಡ್ ಚಹಾಪುಡಿ ಬಡ ಮನೆಗೆ ಸಣ್ಣ ವಿಷಯವಲ್ಲ. ಕುದುರೆ ಮೇಲೆ ಓಡುತ್ತಾ ನೇತಾಡುವ ಬಳೆಯನ್ನು ಈಟಿಯಿಂದ ಸಿಕ್ಕಿಸುವ ಆಟಕ್ಕೆ ಜನ ಮುಗಿಬೀಳುತ್ತಿದ್ದರು.

ಊರಿಗೆ 1862ರಲ್ಲಿ ರೈಲು ಬಂತು. ಆ ಕೆಲಸದಲ್ಲೂ ಡಾಕ್ಟರ ಕೈ ಇತ್ತು. ಶಾಲೆಗಳಲ್ಲಿ ವ್ಯಾಯಾಮ ಕಡ್ಡಾಯವಾಗಲಿ ಅಂತ ಸರ್ಕಾರಕ್ಕೆ ಬರೆದೂ ಬರೆದೂ ಸಾಕಾದರು. 1890ರಲ್ಲಿ ಫ್ರಾನ್ಸಿನ ಪಿಯರ್ ದ ಕೂಬರ್ತ್ಯಾ ವೆನ್‌ಲಾಕ್‌ಗೆ ಬಂದರು. ಅವರಿಗಾಗಿಯೇ ಆಟೋಟ ಏರ್ಪಡಿಸಿದರು, ಅವರ ಹೆಸರಲ್ಲಿ ಒಂದು ಓಕ್ ಮರ ನೆಟ್ಟರು. ಮುಂದೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕಟ್ಟಿದ್ದು ಈ ಕೂಬರ್ತ್ಯಾ ಅವರೇ. ಅಥೆನ್ಸ್‌ನಲ್ಲಿ ಮೊದಲ ಕೂಟ ನಡೆದದ್ದು 1896ರ ಏಪ್ರಿಲ್‌ನಲ್ಲಿ. ಬ್ರೂಕ್ಸ್ ಅದಕ್ಕೆ ನಾಲ್ಕು ತಿಂಗಳು ಮೊದಲು, 1895ರ ಡಿಸೆಂಬರ್‌ನಲ್ಲಿ ತೀರಿಕೊಂಡರು. 2012ರ ಲಂಡನ್ ಒಲಿಂಪಿಕ್ಸ್‌ನ ಒಂಟಿಕಣ್ಣಿನ ಗೊಂಬೆಗೆ 'ವೆನ್‌ಲಾಕ್' ಅಂತ ಹೆಸರಿಟ್ಟದ್ದು ಈ ಊರಿನ ನೆನಪಿಗೇ. ವೆನ್‌ಲಾಕ್ ಕೂಟ ಈಗಲೂ ನಡೆಯುತ್ತದೆ.

ಒಬ್ಬ ಡಾಕ್ಟರ್ ಇಷ್ಟೆಲ್ಲ ಮಾಡಲು ಹೇಗೆ ಸಾಧ್ಯವಾಯಿತು? ವೆನ್‌ಲಾಕ್ ಸಂತೆಯೂರು. ಅಲ್ಲಿ ಅಂಗಡಿಯವರು, ವಕೀಲರು, ಕಸುಬಿನವರು ಇದ್ದರು. ಒಬ್ಬನೇ ಧಣಿಯ ಹಳ್ಳಿಯಲ್ಲಾಗಿದ್ದರೆ ಆಟದ ಮೈದಾನಕ್ಕೂ ಬಂಗಲೆಯ ಅಪ್ಪಣೆ ಬೇಕಾಗುತ್ತಿತ್ತು.

ವರ್ಕ್‌ಹೌಸ್ ಅಂದರೆ ಏನು? ಜೈಲಾ, ಗಂಜಿ ಕೇಂದ್ರವಾ?

ಎರಡೂ ಅಲ್ಲ, ಎರಡರ ಹಾಗೂ ಇತ್ತು. 1834ರ ಕಾನೂನಿನ ಪ್ರಕಾರ ಹಲವು ಪ್ಯಾರಿಷ್‌ಗಳು ಸೇರಿ ಒಂದು ಯೂನಿಯನ್, ಯೂನಿಯನ್ನಿಗೆ ಒಂದು ವರ್ಕ್‌ಹೌಸ್. ದುಡಿಯಲು ಆಗದವರು, ಕೆಲಸ ಸಿಗದವರು, ಗತಿಯಿಲ್ಲದ ಮುದುಕರು ಅಲ್ಲಿಗೆ. ಒಳಗೆ ಹೋದರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತ ಒಳಗಿನದು ಕೀಳಾಗಿರಲಿ, ಆಗ ಯಾರೂ ಸುಮ್ನೆ ಬರಲ್ಲ ಎಂಬುದು ಲೆಕ್ಕಾಚಾರ.

ಹ್ಯಾಂಪ್‌ಶೈರ್‌ನ ಆಂಡೋವರ್‌ನಲ್ಲಿ 1845ರಲ್ಲಿ ಗುಟ್ಟು ಹೊರಬಿತ್ತು. ಅಲ್ಲಿ ಗಂಡಸರಿಗೆ ಗೊಬ್ಬರಕ್ಕಾಗಿ ಮೂಳೆ ಕುಟ್ಟುವ ಕೆಲಸ. ಹಸಿವು ತಾಳದೆ ಆ ಹಳಸಿದ ಮೂಳೆಗೆ ಅಂಟಿದ ಮಾಂಸದ ಚೂರನ್ನೂ ಒಳಗಿನ ಮಜ್ಜೆಯನ್ನೂ ಕಿತ್ತಾಡಿಕೊಂಡು ತಿನ್ನುತ್ತಿದ್ದರು. ಪಾರ್ಲಿಮೆಂಟ್ ವಿಚಾರಣೆ ನಡೆಯಿತು. 1847ರಲ್ಲಿ ವರ್ಕ್‌ಹೌಸ್‌ಗಳನ್ನು ಮೇಲಿಂದ ನೋಡಿಕೊಳ್ಳುತ್ತಿದ್ದ ಕಮಿಷನ್ನನ್ನೇ ತೆಗೆದು ಬೇರೆ ಬೋರ್ಡ್ ಮಾಡಿದರು. ಕಟ್ಟಡಗಳು ಹಾಗೇ ಉಳಿದವು. ನಾಟಿಂಗ್‌ಹ್ಯಾಮ್‌ಶೈರ್‌ನ ಸೌತ್‌ವೆಲ್‌ನಲ್ಲಿ 1824ರ ವರ್ಕ್‌ಹೌಸ್ ಈಗ ನೋಡಲು ತೆರೆದಿದೆ. ಆಮೇಲೆ ಬಂದವಕ್ಕೆ ಮಾದರಿಯಾದದ್ದು ಅದೇ.

ಮಕ್ಕಳು ಶಾಲೆಗೆ ಹೋಗುತ್ತಿದ್ದರಾ?

ಹೋಗುತ್ತಿದ್ದರು, ಹೊಲದಲ್ಲಿ ಕೆಲಸ ಇಲ್ಲದಾಗ. 1870ರ ಮೊದಲು ಹಳ್ಳಿಶಾಲೆ ಹೆಚ್ಚಾಗಿ ಚರ್ಚಿನದು. ವಾರಕ್ಕೆ ಒಂದೋ ಎರಡೋ ಪೆನ್ನಿ ಶುಲ್ಕ. 1870ರ ಕಾನೂನು, ಶಾಲೆ ಇಲ್ಲದ ಕಡೆ ಚುನಾಯಿತ ಸ್ಕೂಲ್ ಬೋರ್ಡ್ ಬರಲಿ ಅಂದಿತು. 1880ರಲ್ಲಿ 5ರಿಂದ 10 ವಯಸ್ಸಿನವರಿಗೆ ಶಾಲೆ ಕಡ್ಡಾಯವಾಯಿತು. 1891ರಲ್ಲಿ ಬಹುಪಾಲು ಶಾಲೆಗಳಲ್ಲಿ ಶುಲ್ಕ ಹೋಯಿತು.

1862ರಿಂದ ಇನ್ನೊಂದು ತಲೆನೋವು. ಎಷ್ಟು ಮಕ್ಕಳು ಹಾಜರಿದ್ದರು, ಇನ್‌ಸ್ಪೆಕ್ಟರ್ ಮುಂದೆ ಓದು, ಬರಹ, ಲೆಕ್ಕದಲ್ಲಿ ಎಷ್ಟು ಮಂದಿ ಪಾಸಾದರು ಎಂಬುದರ ಮೇಲೆ ಸರ್ಕಾರದ ದುಡ್ಡು. ಇನ್‌ಸ್ಪೆಕ್ಟರ್ ಬರುವ ವಾರ ಮೇಷ್ಟ್ರಿಗೆ ಎದೆ ಡವಡವ. ಆ ಕಾಲದ ಶಾಲಾ ದಿನಚರಿ ಪುಸ್ತಕಗಳು ಎಷ್ಟೋ ಕಡೆ ಉಳಿದಿವೆ. ಮಕ್ಕಳು ಯಾಕೆ ಬರಲಿಲ್ಲ ಅಂತ ಮೇಷ್ಟ್ರು ಬರೆದಿಟ್ಟ ಕಾರಣಗಳೇ ಆ ಊರಿನ ಬೇಸಾಯದ ಪಂಚಾಂಗ: ಬಿತ್ತನೆ ಕಾಲಕ್ಕೆ ಹಕ್ಕಿ ಓಡಿಸಲು, ಬೇಸಿಗೆಯಲ್ಲಿ ಬಟಾಣಿ ಕೀಳಲು, ಆಮೇಲೆ ಆಲೂಗಡ್ಡೆ ಆಯಲು, ಹಂದಿಗೆ ಓಕ್ ಕಾಯಿ ಹೆಕ್ಕಲು. ಮಳೆ ಬಂದರೆ ಬೂಟಿಲ್ಲ. ರಜೆಯೂ ಕೊಯ್ಲು ನೋಡಿಕೊಂಡೇ. ಗದ್ದೆ ನಾಟಿ ಸಮಯಕ್ಕೆ ಬೆಂಚು ಖಾಲಿಯಾಗುವ ಶಾಲೆ ಕಂಡವರಿಗೆ ಇದೇನು ಹೊಸದಲ್ಲ.

ಹೆಂಗಸರಿಗೆ ಏನು ಕೆಲಸ?

ಹೊಲದ ಕೆಲಸ, ದೊಡ್ಡ ಮನೆಗಳ ಚಾಕರಿ, ಮನೆಯಲ್ಲೇ ಕೂತು ಮಾಡುವ ಕಸುಬು. ಬೆಡ್‌ಫರ್ಡ್‌ಶೈರ್ ಕಡೆ ಟೋಪಿಗಾಗಿ ಗೋಧಿ ಹುಲ್ಲು ಹೆಣೆಯುವುದು, ಡೆವನ್ ಕಡೆ ಲೇಸು. ರಾಣಿಯ 1840ರ ಮದುವೆ ಉಡುಪಿನ ಲೇಸು ನೇಯ್ದದ್ದು ಡೆವನ್ ಕರಾವಳಿಯ ಬಿಯರ್ ಎಂಬ ಹಳ್ಳಿ ಮತ್ತು ಅದರ ಸುತ್ತಲಿನ ಹೆಂಗಸರು. ಯಂತ್ರದ ಲೇಸು ಬಂದು ಆ ಕಸುಬು ಮುಳುಗುತ್ತಿತ್ತು. ರಾಣಿ ಕೈಲೇಸು ಕೇಳಿದ್ದು ಸ್ವಲ್ಪ ಕಾಲ ಉಸಿರು ಕೊಟ್ಟಿತು.

ಕೊಯ್ಲಾದ ಮೇಲೆ ಹಕ್ಕಲು ಆಯುವುದು ಹೆಂಗಸರ, ಮಕ್ಕಳ ಹಕ್ಕು. ಎಷ್ಟೋ ಊರಲ್ಲಿ ಚರ್ಚಿನ ಗಂಟೆ ಬಾರಿಸಿದ ಮೇಲೇ ಹೊಲಕ್ಕೆ ಇಳಿಯಬೇಕು, ಯಾರೂ ಮುಂಚೆ ನುಗ್ಗಬಾರದು. ಬೆನ್ನು ಬಗ್ಗಿಸಿ ಆಯ್ದ ತೆನೆಯಿಂದ ಚಳಿಗಾಲದ ಹಿಟ್ಟು. ಕೊಯ್ಲಿನ ಯಂತ್ರ ಬಂದು ಕುಂಟೆ ಎಳೆದ ಮೇಲೆ ಆಯಲು ಉಳಿದದ್ದು ಕಡಿಮೆ.

ಕೂಲಿಯವರು ಯಾವತ್ತೂ ತಿರುಗಿ ಬೀಳಲಿಲ್ಲವಾ?

ಬಿದ್ದರು. 1872ರ ಫೆಬ್ರವರಿ 7, ವಾರ್ವಿಕ್‌ಶೈರ್‌ನ ವೆಲ್ಸ್‌ಬೋರ್ನ್. ಜೋಸೆಫ್ ಆರ್ಚ್ ಬೇಲಿ ಕಟ್ಟುವ ಕೆಲಸದಲ್ಲಿ ಹೆಸರು ಮಾಡಿದವರು, ಮೆಥೊಡಿಸ್ಟ್ ಪ್ರಾರ್ಥನಾ ಮಂದಿರಗಳಲ್ಲಿ ಬೋಧನೆ ಮಾಡಿ ಮಾತು ಪಳಗಿದವರು. ಬಂದು ನಾಲ್ಕು ಮಾತಾಡಿ ಅಂತ ಕೂಲಿಯವರು ಕರೆದರು. ಆರ್ಚ್ ಮೂವತ್ತೋ ನಲವತ್ತೋ ಜನ ಇರಬಹುದು ಅಂದುಕೊಂಡು ಹೋದರು. ನೋಡಿದರೆ ಸಾವಿರಕ್ಕೂ ಜಾಸ್ತಿ ಜನ. ಒಳಗೆ ಜಾಗ ಸಾಲದೆ ಚೆಸ್ಟ್‌ನಟ್ ಮರದ ಕೆಳಗೆ ಸೇರಿದರು. ಹುರುಳಿಕಾಯಿ ಬಳ್ಳಿಗೆ ನೆಡುವ ಕೋಲಿಗೆ ಲಾಂದ್ರ ಕಟ್ಟಿ ಎತ್ತಿ ಹಿಡಿದಿದ್ದರು. ಆರ್ಚ್ ನಿಂತದ್ದು ಹಂದಿ ಕೊಯ್ಯುವ ಮಣೆಯ ಮೇಲೆ. ವಾರಕ್ಕೆ ಸುಮಾರು 12 ಶಿಲ್ಲಿಂಗ್ ಕೂಲಿ ಇದ್ದದ್ದು 16 ಆಗಲಿ ಎಂಬುದು ಬೇಡಿಕೆ.

ಆ ರಾತ್ರಿಯಿಂದ ಹುಟ್ಟಿದ ಸಂಘ ಅದೇ ವರ್ಷ ರಾಷ್ಟ್ರೀಯ ಸಂಘವಾಯಿತು. ಮರುವರ್ಷ ಆಕ್ಸ್‌ಫರ್ಡ್‌ಶೈರ್‌ನ ಆಸ್ಕಟ್ ಹಳ್ಳಿಯಲ್ಲಿ, ಮುಷ್ಕರದ ನಡುವೆ ಕೆಲಸಕ್ಕೆ ಬಂದ ಹೊರಗಿನ ಆಳುಗಳನ್ನು ತಡೆದರು ಅಂತ 16 ಹೆಂಗಸರನ್ನು ಜೈಲಿಗೆ ಕಳಿಸಿದರು. ಕೆಲವರ ಸೊಂಟದಲ್ಲಿ ಹಾಲು ಕುಡಿಯುವ ಮಕ್ಕಳು. ಶಿಕ್ಷೆ ಕೊಟ್ಟ ಇಬ್ಬರು ಮ್ಯಾಜಿಸ್ಟ್ರೇಟರೂ ಯಾರು ಗೊತ್ತಾ? ಪಾದ್ರಿಗಳು. ಆಗ ಹಳ್ಳಿಯಲ್ಲಿ ನ್ಯಾಯ ಹೇಳುವ ಕುರ್ಚಿಯೂ ಅದೇ ಗುಂಪಿನ ಕೈಲಿತ್ತು. 1874ರಲ್ಲಿ ಪೂರ್ವದ ಜಿಲ್ಲೆಗಳ ರೈತರು ಸಂಘದವರಿಗೆ ಕೆಲಸವೇ ಇಲ್ಲ ಅಂದುಬಿಟ್ಟರು. ಸಂಘ ಸೋತಿತು. ಆದರೆ 1884ರಲ್ಲಿ ಹಳ್ಳಿಯ ಮನೆ ಯಜಮಾನರಿಗೂ ವೋಟು ಸಿಕ್ಕಿತು. ಮರುವರ್ಷ ಆರ್ಚ್ ಪಾರ್ಲಿಮೆಂಟಿಗೆ ಹೋಗಿ ಕೂತರು.

ಇಷ್ಟು ಜನ ಹಳ್ಳಿ ಬಿಟ್ಟದ್ದು ಯಾಕೆ? ಕರ್ನಾಟಕಕ್ಕೂ ಬಂದರಂತೆ?

1851ರ ಜನಗಣತಿಯಲ್ಲೇ ಪಟ್ಟಣದವರು ಹಳ್ಳಿಯವರನ್ನು ಮೀರಿಸಿದ್ದರು. 1870ರ ದಶಕದಲ್ಲಿ ಅಮೆರಿಕದ ಅಗ್ಗದ ಗೋಧಿ ಹಡಗಲ್ಲಿ ಬಂದು ಸುರಿಯಿತು. 1879ರಲ್ಲಿ ಬೇಸಿಗೆಯಿಡೀ ಮಳೆ, ಬೆಳೆ ಕೊಳೆಯಿತು. ಮೊದಲಾದರೆ ಬೆಳೆ ಕಡಿಮೆಯಾದಾಗ ಬೆಲೆ ಏರುತ್ತಿತ್ತು, ಈಗ ಅದೂ ಇಲ್ಲ. ಗೋಧಿ ಹೊಲಗಳು ಹುಲ್ಲುಗಾವಲಾದವು. ಹುಲ್ಲಿಗೆ ಆಳು ಬೇಕಿಲ್ಲ.

ಕಾರ್ನ್‌ವಾಲ್‌ನದು ಬೇರೆ ಕಥೆ. ಅಲ್ಲಿನ ಹಳ್ಳಿಗಳು ಬದುಕಿದ್ದದ್ದು ತಾಮ್ರ, ತವರದ ಗಣಿಯಿಂದ. 1866ರಿಂದ ತಾಮ್ರದ ಬೆಲೆ ಕುಸಿದು ಗಣಿಗಳು ಸಾಲಾಗಿ ಮುಚ್ಚಿದವು. ಗಣಿಗಾರರು ಕೆಲಸ ಹುಡುಕಿ ಲೋಕವೆಲ್ಲ ಸುತ್ತಿದರು. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಚಿನ್ನದ ಗಣಿಗಳ ಆಡಳಿತ ಹಿಡಿದಾಗ ಕಾರ್ನ್‌ವಾಲ್‌ನವರು ಕೆಜಿಎಫ್‌ಗೂ ಬಂದರು. ಸುರಂಗದ ಮೇಲ್ವಿಚಾರಣೆ ಅವರದು. ಆಳದಲ್ಲಿ ಬಂಡೆ ಒಡೆದವರು ಹೆಚ್ಚಾಗಿ ತಮಿಳು, ತೆಲುಗು ಸೀಮೆಯ ಬಡವರು. ತಮ್ಮೂರಲ್ಲಿ ಕೂಲಿಯವರಾಗಿದ್ದ ಕಾರ್ನ್‌ವಾಲ್‌ನವರು ಇಲ್ಲಿ ಬಂಗಲೆಯ ದೊರೆಗಳಾದರು.

ಕರೆಂಟು ಯಾವಾಗ ಬಂತು?

ಹೆಚ್ಚಿನ ಹಳ್ಳಿಗಳಿಗೆ ರಾಣಿಯ ಕಾಲದಲ್ಲಿ ಬರಲೇ ಇಲ್ಲ. ಆದರೆ ಸರ್ರೆಯ ಗೋಡಾಲ್ಮಿಂಗ್ ಎಂಬ ಪುಟ್ಟ ಪೇಟೆ 1881ರಲ್ಲೇ ನೀರಿನ ಚಕ್ರದಿಂದ ಬೀದಿಗೆ ವಿದ್ಯುತ್ ದೀಪ ಹಚ್ಚಿತು. ಬೀದಿ ಅಗೆಯಲು ಅನುಮತಿ ಇರಲಿಲ್ಲ, ಅದಕ್ಕೆ ತಂತಿಯನ್ನು ಮೋರಿಯ ಉದ್ದಕ್ಕೂ ಹಾಸಿದ್ದರಂತೆ! ಖರ್ಚು ಗಿಟ್ಟಲಿಲ್ಲ. 1884ರಲ್ಲಿ ವಾಪಸ್ ಗ್ಯಾಸ್ ದೀಪ.

ಕೊನೆಗೆ ಹಳ್ಳಿಯವರ ಕೈಗೆ ಅಧಿಕಾರ ಬಂತಾ?

ಬಂದದ್ದು 1894ರಲ್ಲಿ, ಅದೂ ಸ್ವಲ್ಪ. ಆ ವರ್ಷದ ಕಾನೂನು ಹಳ್ಳಿಗಳಿಗೆ ಪ್ಯಾರಿಷ್ ಕೌನ್ಸಿಲ್ ಕೊಟ್ಟಿತು. ನಮ್ಮ ಗ್ರಾಮ ಪಂಚಾಯಿತಿಯ ದೂರದ ಅಕ್ಕ ಅನ್ನಬಹುದು. ಚುನಾವಣೆಗೆ ಹೆಂಗಸರೂ ನಿಲ್ಲಬಹುದಿತ್ತು, ಪಾರ್ಲಿಮೆಂಟಿಗೆ ಅವರಿಗೆ ವೋಟೇ ಇಲ್ಲದ ಕಾಲ ಅದು. ಕೈಗೆ ಬಂದ ಕೆಲಸಗಳು ಸಣ್ಣವು: ಕಾಲುದಾರಿ, ಬಾವಿ, ಬೀದಿ ದೀಪ, ಕೂಲಿಯವರು ತರಕಾರಿ ಬೆಳೆಯಲು ತುಂಡು ನೆಲ.

ಕಾನೂನಿನ ಎರಡು ಸಣ್ಣ ಸಾಲು ನನಗೆ ತುಂಬಾ ಹಿಡಿಸುತ್ತವೆ. ಸಭೆ ಸಂಜೆ ಆರಕ್ಕೆ ಮುಂಚೆ ಶುರುವಾಗಬಾರದು, ಯಾಕೆಂದರೆ ಕೂಲಿಯವರು ಹೊಲದಿಂದ ಬರಬೇಕಲ್ಲ. ಬೇರೆ ಜಾಗ ಇರುವಾಗ ಹೆಂಡದಂಗಡಿಯಲ್ಲಿ ಸೇರುವಂತಿಲ್ಲ. ಹಾಗಾಗಿ ಆ ಡಿಸೆಂಬರ್‌ನ ಮೊದಲ ಸಭೆಗೆ ಎಷ್ಟೋ ಊರಿನವರು ಶಾಲೆಯ ಕೋಣೆಯಲ್ಲಿ ಸೇರಿದರು. ಆದರೆ ವೋಟು ಹಾಕುವುದು ಕೈ ಎತ್ತಿ, ಎಲ್ಲರ ಎದುರಿಗೇ. ಯಾರಾದರೂ ಕೇಳಿದರೆ ಮಾತ್ರ ಗುಟ್ಟಿನ ಮತದಾನ. ಧಣಿಯ ಮನೆಯಲ್ಲಿ ಬಾಡಿಗೆಗಿದ್ದವನು, ಧಣಿ ನೋಡುತ್ತಿರುವಾಗಲೇ, ತನ್ನ ಜೊತೆಯ ಕೂಲಿಯವನಿಗಾಗಿ ಕೈ ಎತ್ತಬೇಕಿತ್ತು.